ಚಂದ್ರನ ಸುತ್ತು ಬಂದ ಹಾಲುಹಲ್ಲು

ಎಲ್ಲಿಂಗ್ಟನ್ ವಿಮಾನ ನಿಲ್ದಾಣದ ದೊಡ್ಡ ಶೆಡ್ಡಿನಲ್ಲಿ ಅವತ್ತು ಮಡಚುವ ಕುರ್ಚಿಗಳನ್ನು ನಾಲ್ಕು ಗುಂಪು ಮಾಡಿ ಹಾಕಿದ್ದರು. ಚಂದ್ರನನ್ನು ಸುತ್ತಿ ಬಂದವರು ನಾಲ್ಕು ಜನ, ಒಬ್ಬೊಬ್ಬರ ಮನೆಯವರಿಗೆ ಒಂದೊಂದು ಗುಂಪು. ಪ್ರತಿ ಗುಂಪಿನ ಮುಂದಿನ ಕುರ್ಚಿಗೆ ಹೆಸರು ಬರೆದ ಕಾಗದ ಅಂಟಿಸಿದ್ದರು. 'ಸ್ಟೋಕ್ಸ್ ಕುಟುಂಬ' ಎಂದಿದ್ದ ಕಡೆ ಇಪ್ಪತ್ತು ಕುರ್ಚಿಯೂ ಸಾಲದೆ ಮಕ್ಕಳು ನೆಲದ ಮೇಲೆ ಕೂತಿದ್ದವು. 'ಬೀಸ್ಲಿ ಕುಟುಂಬ' ಎಂದಿದ್ದ ಕಡೆ ಒಂದೇ ಕುರ್ಚಿ. ಅದೂ ಖಾಲಿ.

ಹಾರ್ಲನ್ ಬೀಸ್ಲಿ ವಿಮಾನದ ಮೆಟ್ಟಿಲಿಳಿದು ಶೆಡ್ಡಿನೊಳಗೆ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ವಯಸ್ಸು ನಲವತ್ತೊಂಬತ್ತು, ಒಣಕಲು ಆಳು, ದೊಡ್ಡ ಕಿವಿ, ಕಡಿಮೆ ಮಾತು. ಹೆಂಡತಿ ಬಿಟ್ಟುಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ, ಅಪ್ಪ ಅಮ್ಮ ಇಲ್ಲ. ಹತ್ತು ದಿನ ನಾಲ್ಕು ಜನ ಎರಡು ಕಾರು ಜೋಡಿಸಿದಷ್ಟು ಜಾಗದಲ್ಲಿ ಬದುಕಿದ್ದರು. ಒಬ್ಬನ ಕಾಲು ಇನ್ನೊಬ್ಬನ ಮುಖಕ್ಕೆ, ಒಬ್ಬನ ಸೀನು ಎಲ್ಲರ ಪಾಲಿಗೆ. ಪೆಸಿಫಿಕ್ ಸಮುದ್ರಕ್ಕೆ ಬಿದ್ದು, ನೌಕಾಪಡೆಯ ಹಡಗು ಹತ್ತಿ, ಅಲ್ಲಿಂದ ವಿಮಾನದಲ್ಲಿ ಹೂಸ್ಟನ್‌ಗೆ ಬರುವವರೆಗೂ ನಾಲ್ವರೂ ಒಬ್ಬರಿಗೊಬ್ಬರು ಆತುಕೊಂಡೇ ಇದ್ದರು. ಈಗ ಶೆಡ್ಡಿನ ಬಾಗಿಲು ದಾಟಿದ್ದೇ ತಡ, ಮೂವರು ಮೂರು ಕಡೆ ತಬ್ಬುವ ಕೈಗಳಲ್ಲಿ ಮುಳುಗಿಹೋದರು. ಹಾರ್ಲನ್ ನಡುವೆ ನಿಂತ. ಚಪ್ಪಾಳೆಯೇನೋ ಅವನಿಗೂ ಬಿತ್ತು.

ಆಗ ಕುರ್ಚಿ ಹಾಕುವ ಮುದುಕ ಒಬ್ಬ ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿದ. ಮೆಲ್ಲಗೆ ಬಂದು, ಆ ಒಂಟಿ ಕುರ್ಚಿಯ ಕಾಗದ ಕಿತ್ತು ಜೇಬಿಗೆ ತುರುಕಿ, ಕುರ್ಚಿ ಮಡಚಿ, ಯಾರಿಗೂ ಕಾಣದ ಹಾಗೆ ಒಯ್ದ. ಒಯ್ಯುವಾಗ ಅದು ಕಟಕಟ ಸದ್ದು ಮಾಡಿತು.

ತಂಡದ ನಾಯಕ ಸ್ಟೋಕ್ಸ್ ಮಗಳನ್ನು ಹೆಗಲ ಮೇಲಿಟ್ಟುಕೊಂಡೇ ಕೂಗಿದ. "ಹಾರ್ಲನ್! ಡಾಕ್ಟರು ಬಿಟ್ಟ ತಕ್ಷಣ ನಮ್ಮನೆಗೆ ಬಾರಯ್ಯ. ಹಂದಿ ಪಕ್ಕೆ ಸುಡ್ತೀವಿ."

"ನೋಡೋಣ."

"ನೋಡೋಣ ಅಂದ್ರೆ ಬರಲ್ಲ ಅಂತ. ಹತ್ತು ದಿನದಲ್ಲಿ ಅಷ್ಟೂ ತಿಳಿದಿಲ್ವಾ ನಂಗೆ?"

ಆ ಕುರ್ಚಿ ಯಾರಿಗೆ ಹಾಕಿದ್ದು? ಓಪಲ್ ಗಿಡ್ರಿ ಎಂಬ ಎಪ್ಪತ್ತೆಂಟರ ಮುದುಕಿಗೆ. ಆಕೆ ಅವನಿಗೆ ಬಂಧುವಲ್ಲ, ಬಳಗವಲ್ಲ. ಬರುವುದೂ ಇಲ್ಲ ಎಂದು ಮೊದಲೇ ಹೇಳಿದ್ದಳು. "ಆ ಶೆಡ್ಡಿಗೆ ನಾನು ಒಂದ್ಸಲ ಬಂದಿದೀನಿ. ಸಾಕು. ನೀನೇ ತಂದ್ಕೊಡು" ಎಂದಿದ್ದಳು. ಆದರೂ ಸ್ವಾಗತಕ್ಕೆ ಬರುವವರ ಹೆಸರು ಬರೆಯಿರಿ ಎಂದು ಕಾಗದ ಕೊಟ್ಟಾಗ, ಪೂರ್ತಿ ಖಾಲಿ ಬಿಡಲು ನಾಚಿಕೆಯಾಗಿ ಆಕೆಯ ಹೆಸರು ಬರೆದಿದ್ದ.

ಆಕೆ ಆ ಶೆಡ್ಡಿಗೆ ಒಂದು ಸಲ ಬಂದದ್ದು ಮಗನ ಶವಪೆಟ್ಟಿಗೆ ನೋಡಲು.

ಮಗನ ಹೆಸರು ಎಮೆಟ್. ಚಂದ್ರಯಾನದ ಸೀಟು ಮೊದಲು ಅವನದು. ಹಾರ್ಲನ್ ಅವನ ಬದಲಿ ಆಳು. ಗಗನಯಾತ್ರಿಗಳಲ್ಲಿ ಒಬ್ಬೊಬ್ಬನಿಗೂ ಒಬ್ಬ ಬದಲಿ ಇರುತ್ತಾನೆ. ಅವನು ಕಲಿತದ್ದನ್ನೆಲ್ಲ ಇವನೂ ಕಲಿಯಬೇಕು, ಅವನು ತಿರುಗಿದ ಕಡೆಯೆಲ್ಲ ತಿರುಗಬೇಕು, ಕೊನೆಗೆ ಅವನನ್ನು ಸೀಟಿಗೆ ಕಟ್ಟಿ, ಬಾಗಿಲು ಹಾಕಿ, ಮನೆಗೆ ಹೋಗಬೇಕು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಎಮೆಟ್ ಹಾರಿಸುತ್ತಿದ್ದ ತರಬೇತಿ ವಿಮಾನ ಭತ್ತದ ಗದ್ದೆಗೆ ಬಿತ್ತು. ಪೆಟ್ಟಿಗೆ ತೆರೆಯಬೇಡಿ ಎಂದರು. ತಾಯಿ ತೆರೆಯಲಿಲ್ಲ.

ಹನ್ನೊಂದನೇ ದಿನ ಮೇಲಧಿಕಾರಿ ಹಾರ್ಲನ್‌ನನ್ನು ಕರೆದು, "ನೋಡಪ್ಪ, ಇಂಥ ಹೊತ್ತಲ್ಲಿ ಕೇಳ್ಬಾರ್ದು, ಆದ್ರೂ ಆ ಸೀಟು..." ಎನ್ನುವಷ್ಟರಲ್ಲಿ ಹಾರ್ಲನ್ "ಹೂಂ" ಎಂದುಬಿಟ್ಟಿದ್ದ. ಮಾತು ಮುಗಿಯುವ ತನಕ ಕಾಯಲಿಲ್ಲ. ಆ ಒಂದು "ಹೂಂ" ಅವನ ಗಂಟಲಲ್ಲಿ ಎರಡು ವರ್ಷ ಮುಳ್ಳಾಗಿ ಕೂತಿತು. ಓಪಲ್ ಮನೆ ಇರುವ ಸ್ಯಾನ್ ಲಿಯಾನ್ ಅವನ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಎಮೆಟ್ ಇದ್ದಾಗ ಭಾನುವಾರ ತಪ್ಪದೆ ಹೋಗಿ ಉಂಡು ಬರುತ್ತಿದ್ದವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಆಕೆಯೇ ಬಂದಳು. ಯಾತ್ರೆಗೆ ಒಂದು ತಿಂಗಳಿರುವಾಗ ಒಂದು ಬೆಳಿಗ್ಗೆ ಹಳೇ ಪಿಕಪ್ ಗಾಡಿ ಅವನ ಮನೆಯ ಬೇಲಿಗೆ ಉಜ್ಜಿಕೊಂಡು ನಿಂತಿತು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ ಗಾಡಿ ಓಡಿಸಬಾರದು. ಓಡಿಸಿದ್ದಳು.

"ನಿನ್ನ ಚೀಲದಲ್ಲಿ ಜಾಗ ಇದ್ಯೇನೋ?"

"ಯಾವ ಚೀಲ, ಮಿಸ್ ಓಪಲ್?" ಮದುವೆಯಾದ ಹಿರಿಯ ಹೆಂಗಸರನ್ನೂ ಆ ಕಡೆ ಮಿಸ್ ಎಂದೇ ಕರೆಯುವುದು.

"ಮೇಲಕ್ಕೆ ತಗೊಂಡ್ಹೋಗೋ ಚೀಲ ಕಣಯ್ಯಾ. ನಿಮಗೆಲ್ಲ ಒಂದೊಂದು ಕೊಡ್ತಾರಲ್ಲ, ಮನೆಯವರ ಸಾಮಾನು ಹಾಕ್ಕೊಳಕ್ಕೆ. ನಿನ್ನ ಜಪಮಾಲೆ ಕೊಡಮ್ಮ, ಚಂದ್ರನ ಸುತ್ತಾಕಿಸ್ಕೊಂಡು ಬರ್ತೀನಿ ಅಂದಿದ್ದ ಎಮೆಟ್."

"ಇದೆ. ಖಾಲಿನೇ ಇದೆ."

"ಪೂರ್ತಿ ಖಾಲಿನಾ?" ಆಕೆ ಅವನ ಮುಖದ ಹತ್ತಿರ ಮುಖ ತಂದು ನೋಡಿದಳು. "ಎರಡು ವರ್ಷ ಯಾಕೆ ಬರ್ಲಿಲ್ಲ ನೀನು?"

ಹಾರ್ಲನ್ ಬೇಲಿಯ ಕಡೆ ಮುಖ ತಿರುಗಿಸಿದ.

"ಸರಿ ಬಿಡು. ಕೈ ಚಾಚು."

ಆಕೆ ಗಂಡನ ಕಾಲದ ನಸ್ಯದ ಡಬ್ಬಿ ತೆಗೆದು ಅವನ ಅಂಗೈಗೆ ಬಗ್ಗಿಸಿದಳು. ಅಕ್ಕಿಕಾಳಿಗಿಂತ ಒಂದಿಷ್ಟು ದಪ್ಪ, ಬಿಳಿ. ಎಮೆಟ್‌ಗೆ ಆರು ವರ್ಷವಾದಾಗ ಉದುರಿದ ಮೊದಲ ಹಾಲುಹಲ್ಲು. ಅಲ್ಲಿ ಮಕ್ಕಳು ಉದುರಿದ ಹಲ್ಲನ್ನು ದಿಂಬಿನಡಿ ಇಟ್ಟು ಮಲಗುತ್ತಾರೆ, ನಿದ್ದೆಯಲ್ಲಿದ್ದಾಗ ಹಲ್ಲಿನ ಕಿನ್ನರಿ ಬಂದು ಅದನ್ನೊಯ್ದು ಕಾಸು ಇಟ್ಟು ಹೋಗುತ್ತಾಳೆ. ಕಿನ್ನರಿ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಿನ್ನರಿ ಅದನ್ನು ನಸ್ಯದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

"ಪೆಟ್ಟಿಗೇಲಿ ಏನಿತ್ತು ಅಂತ ನಂಗೊತ್ತಿಲ್ಲ," ಎಂದಳು ಓಪಲ್. "ಅವನ ಮೈಯಿಂದ ಬಂದಿದ್ದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ಅವನ ಆಸೆ ಅದು, ಹೋಗ್ಬರ್ಲಿ. ಆದ್ರೆ ವಾಪಸ್ ತರ್ಬೇಕು ನೀನು. ಡಬ್ಬಿ ನನ್ನ ಹತ್ರನೇ ಇರುತ್ತೆ. ನೀನು ಬರೋವರೆಗೂ ಖಾಲಿ ಇರುತ್ತೆ. ತಿಳೀತಾ?"

"ತಿಳೀತು, ಮೇಡಂ."

ಸಾಮಾನು ಪಟ್ಟಿ ಮಾಡುವ ಗುಮಾಸ್ತ ಅದನ್ನು ನೋಡಿ ಪೆನ್ನು ಎತ್ತಿಕೊಂಡೇ ಕೂತ. ಆಮೇಲೆ ಬರೆದ: ಹಲ್ಲು, ಮನುಷ್ಯನದು, ಒಂದು.

"ಇಷ್ಟೇನಾ ಸಾರ್? ಬೇರೆಯವ್ರು ಚೀಲ ಸಾಲ್ದು ಅಂತ ಜಗಳ ಆಡ್ತಾರೆ. ಫೋಟೋ, ಉಂಗುರ, ಏನಾದ್ರೂ?"

"ಇಷ್ಟೇ."

ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಲ್ಲು ಹೊರಟಿತು.

ಚಂದ್ರನ ಹಿಂಬದಿಗೆ ಹೋದಾಗ ಭೂಮಿಯ ಮಾತು ನಲವತ್ತು ನಿಮಿಷ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಮೂವರು ಕಿಟಕಿಗೆ ಮುಖ ಒತ್ತಿ ಫೋಟೋ ತೆಗೆಯುತ್ತಿದ್ದರು. ಹಾರ್ಲನ್ ಬದಿಯ ಕಿಟಕಿಯ ಹತ್ತಿರ ತೋಳಿನ ಜೇಬಿನಿಂದ ಚೀಲ ತೆಗೆದು, ಎರಡು ಬೆರಳಲ್ಲಿ ಹಲ್ಲು ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಬಿಟ್ಟ. ಅದು ಅಲ್ಲೇ ನಿಂತಿತು. ನಿಂತಲ್ಲೇ ಮೆಲ್ಲಗೆ ತಿರುಗಿತು. ಆಚೆ ಬೂದಿಬಣ್ಣದ ಗುಂಡಿಬಿದ್ದ ನೆಲ, ಈಚೆ ಅಕ್ಕಿಕಾಳಿನಷ್ಟು ಎಮೆಟ್. ಹಾರ್ಲನ್ ಸ್ವಲ್ಪ ಹೊತ್ತು ನೋಡಿ, ಅದೇ ಎರಡು ಬೆರಳಲ್ಲಿ ಹಿಡಿದು ಒಳಗಿಟ್ಟ. ವಾಪಸ್ ಬರುವ ದಾರಿಯಲ್ಲೂ ದಿನಕ್ಕೊಂದು ಸಲ ಹಾಗೇ ಮಾಡಿದ.

ಮೇಲೆ ಯಾವುದನ್ನೂ ಕೆಳಗಿಡುವ ಕೆಲಸವೇ ಇಲ್ಲ. ಚಮಚ ಬೇಡವಾದರೆ ಗಾಳಿಯಲ್ಲಿ ಬಿಡುವುದು, ಬೇಕಾದಾಗ ಹಿಡಿಯುವುದು. ಪೆನ್ನೂ ಹಾಗೇ, ಹಲ್ಲುಜ್ಜುವ ಬ್ರಷ್ಷೂ ಹಾಗೇ. ಕೈಗೆ ಆ ಅಭ್ಯಾಸ ಹತ್ತಲು ಎರಡು ದಿನ ಸಾಕು. ಬಿಡಲು ಎಷ್ಟು ದಿನ ಬೇಕೆಂದು ಡಾಕ್ಟರುಗಳಿಗೂ ಸರಿಯಾಗಿ ತಿಳಿಯದು. ಹಡಗಿನ ಮೇಲೆ ಸ್ಟೋಕ್ಸ್ ಯಾರದೋ ಕೈ ಕುಲುಕಲು ಹೋಗಿ ಬಿಸಿ ಕಾಫಿ ಲೋಟವನ್ನು ಗಾಳಿಯಲ್ಲಿ ಬಿಟ್ಟು, ಅಡ್ಮಿರಲ್ ಸಾಹೇಬರ ಬೂಟು ತೋಯಿಸಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹಾರ್ಲನ್ ಸಹ ನಕ್ಕಿದ್ದ.

ಹೂಸ್ಟನ್‌ಗೆ ಬಂದ ಮೂರನೇ ದಿನ ಮಧ್ಯಾಹ್ನ ಡಾಕ್ಟರ್ ಕೊರಿನ್ ಅವನನ್ನು ಸ್ಯಾನ್ ಲಿಯಾನ್‌ಗೆ ಕರೆದುಕೊಂಡು ಹೊರಟಳು. ಯಾತ್ರಿಗಳ ಮೈ ನೋಡಿಕೊಳ್ಳುವ ಡಾಕ್ಟರು ಆಕೆ, ಇನ್ನೂ ನಲವತ್ತು ದಾಟಿಲ್ಲ, ನಾಲಿಗೆ ಮಾತ್ರ ಅರವತ್ತರದು.

"ಮೂರು ಮಾತು. ತಲೆ ಬಗ್ಗಿಸಬಾರದು. ಮೆಟ್ಟಿಲು ಹತ್ತಬಾರದು. ಸ್ಟೇರಿಂಗ್ ಮುಟ್ಟಬಾರದು."

"ಉಸಿರಾಡಬಹುದಾ?"

"ಮಿತವಾಗಿ. ಅಲ್ಲ, ಮೂರು ದಿನದಿಂದ ಗೋಡೆ ನೋಡ್ಕೊಂಡು ಕೂತಿದೀರಂತೆ. ರಾತ್ರಿ ನಿದ್ದೆ?"

"ತುಂಬಾ ಸದ್ದಿಲ್ಲ ಮನೇಲಿ. ಅಲ್ಲಿ ಮೇಲಾದ್ರೆ ಫ್ಯಾನು ಕಿರುಗುಟ್ತಿತ್ತು, ಸ್ಟೋಕ್ಸ್ ಗೊರಕೆ ಹೊಡೀತಿದ್ದ."

"ಬೇಕಾದ್ರೆ ಅವನ ಗೊರಕೆ ರೆಕಾರ್ಡ್ ಮಾಡಿ ಬರೆದುಕೊಡ್ತೀನಿ, ರಾತ್ರಿಗೊಂದು ಡೋಸು," ಎಂದಳು ಡಾಕ್ಟರು. ಅವನು ನಗಲಿಲ್ಲ. ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಸ್ಯಾನ್ ಲಿಯಾನ್‌ನಲ್ಲಿ ಮನೆಗಳು ಕಂಬಗಳ ಮೇಲೆ ನಿಂತಿವೆ. ಕೊಲ್ಲಿಯ ನೀರು ಯಾವಾಗ ಉಕ್ಕುತ್ತದೋ ಹೇಳಲಾಗದು. ಮನೆಯ ಕೆಳಗಿನ ನೆರಳಿನಲ್ಲೇ ಗಾಡಿ ನಿಲ್ಲುತ್ತದೆ, ಅಲ್ಲೇ ಜನ ಕೂರುತ್ತಾರೆ, ಹರಟುತ್ತಾರೆ. ನೆಲಕ್ಕೆ ಹಾಸಿರುವುದು ಸಿಂಪಿಯ ಚಿಪ್ಪಿನ ಚೂರು. ಓಪಲ್ ಗಿಡ್ರಿ ಮೂವತ್ತೊಂದು ವರ್ಷ ಬಂದರಿನ ಶೆಡ್ಡಿನಲ್ಲಿ ಚಾಕು ಹಿಡಿದು ಸಿಂಪಿ ಬಿಚ್ಚಿ ಒಳಗಿನ ಮಾಂಸ ತೆಗೆದವಳು. ಅವಳ ಅಂಗಳದಲ್ಲಿ ಆ ಚೂರು ಒಂದು ಗೇಣು ಆಳ. ಬಿಸಿಲಿಗೆ ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು.

ಆಕೆ ನೆರಳಿನಲ್ಲಿ ತಗಡಿನ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ತೊಡೆಯ ಮೇಲೆ ನಸ್ಯದ ಡಬ್ಬಿ, ಮುಚ್ಚಳ ತೆರೆದೇ ಇತ್ತು.

"ಬಂದ್ಯಾ. ಹತ್ರ ಬಾ, ಕಾಣಲ್ಲ ನಂಗೆ. ಅಯ್ಯೋ, ಇನ್ನೂ ಒಣಗಿದೀಯಲ್ಲೋ! ಏನು ತಿನ್ನಿಸ್ತಾರೆ ಮೇಲೆ?"

"ಸೀಗಡಿನೂ ಇರುತ್ತೆ, ಮೇಡಂ. ಪೊಟ್ಟಣದಲ್ಲಿ."

"ಪೊಟ್ಟಣದ ಸೀಗಡಿ! ದೇವರು ಮೆಚ್ತಾನಾ? ಒಲೆ ಮೇಲೆ ಗಂಬೋ ಸಾರು ಇಟ್ಟಿದೀನಿ, ಬೆಳಿಗ್ಗೆಯಿಂದ ಕುದೀತಿದೆ. ಉಂಡೇ ಹೋಗ್ಬೇಕು. ಅದ್ಯಾರು, ಕಾರಲ್ಲಿ ಹೆಣ್ಣು?"

"ಡಾಕ್ಟರು."

"ಥೂ. ನಾನು ಬೇರೆ ಏನೋ ಅಂತ ಆಸೆಪಟ್ಟೆ."

ಹಾರ್ಲನ್‌ಗೆ ಮೂರು ದಿನದಲ್ಲಿ ಮೊದಲ ಸಲ ನಗು ಬಂತು. ಮೂರು ದಿನದಿಂದ ಸಿಕ್ಕವರೆಲ್ಲ "ಹೇಗಿತ್ತು?" ಎಂದು ಕೇಳಿದ್ದರು. ಅವನು ಬಾಯಿ ತೆರೆಯುವ ಮೊದಲೇ "ಅದ್ಭುತ ಅಲ್ವಾ!" ಎಂದು ಅವರೇ ಹೇಳಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದರು. ಓಪಲ್ ಅದನ್ನು ಕೇಳಲಿಲ್ಲ.

"ಎಲ್ಲಿಟ್ಕೊಂಡಿದ್ದೆ ಅವನನ್ನ?" ಎಂದಳು.

ಎದುರಿಗೆ ನಿಂತು ಅವನು ತೋಳಿನ ಜೇಬು ತೋರಿಸಿದ. ತೋರಿಸಿ ಸುಮ್ಮನಾಗಬೇಕಿತ್ತು. ಆದರೆ ಆಕೆ ಮುಖ ಮುಂದೆ ಮಾಡಿ ಕಾದಳು. ಅವನಿಗೆ ಮಾತು ಬಂತು. ರೇಡಿಯೋ ನಿಂತದ್ದು, ಒಳಗೆ ಬರೀ ಫ್ಯಾನಿನ ಸದ್ದು, ಆಚೆ ನೆಲ ಎಷ್ಟು ಹತ್ತಿರವಿದ್ದರೂ ಯಾರದೂ ಅಲ್ಲ ಎಂದು ಅನ್ನಿಸಿದ್ದು, ಎಲ್ಲ ಹೇಳಿದ. ಹೇಳುತ್ತ ಪ್ಲಾಸ್ಟಿಕ್ ಚೀಲ ಬಿಚ್ಚಿ ಹಲ್ಲು ತೆಗೆದು, ಎರಡು ಬೆರಳಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದ. "ಕಿಟಕಿ ಇಲ್ಲಿತ್ತು, ಮಿಸ್ ಓಪಲ್. ಇವನು ಇಲ್ಲಿ..."

"ಗಂಟಲು ಒಣಗಿದೆ ನಿಂದು. ಒಂದು ಗುಟುಕು ಕುಡಿದು ಹೇಳು," ಎಂದು ಆಕೆ ಪಕ್ಕದ ಮೇಜಿನಿಂದ ತಣ್ಣನೆ ಚಹಾದ ಲೋಟ ಎತ್ತಿ ಚಾಚಿದಳು. ದೊಡ್ಡ ಗಾಜಿನ ಲೋಟ, ತುಂಬ ಮಂಜುಗಡ್ಡೆ. ಮೈಯೆಲ್ಲ ಬೆವತು ಆಕೆಯ ಕೈಯಿಂದ ಜಾರುತ್ತಿತ್ತು. ಹಾರ್ಲನ್ ಎರಡೂ ಕೈ ಚಾಚಿ ಲೋಟ ಹಿಡಿದ.

ಹಲ್ಲನ್ನು, ಅದು ಎಲ್ಲಿತ್ತೋ ಅಲ್ಲೇ, ಗಾಳಿಯಲ್ಲಿ ಬಿಟ್ಟಿದ್ದ.

ಬಿಟ್ಟ ಮೇಲೆ ಅರೆಕ್ಷಣ ಅದು ಅಲ್ಲೇ ಇರುತ್ತದೆಂದು ನೋಡಿದ ಸಹ. ಗಾಳಿ ಖಾಲಿ ಇತ್ತು. ಕೆಳಗೆಲ್ಲೋ ಟಿಕ್ ಎಂದು ಸಣ್ಣ ಸದ್ದಾಯಿತು.

ಅವನು ನೆಲ ನೋಡಿದ. ಬಿಳಿ ಚೂರು, ಬಿಳಿ ಚೂರು, ಮತ್ತೂ ಬಿಳಿ ಚೂರು. ಒಂದೊಂದೂ ಹಲ್ಲಿನ ಹಾಗೇ ಕಂಡಿತು. ಲೋಟ ಮೇಜಿನ ಮೇಲಿಟ್ಟು ಬಗ್ಗಿದ. ತಲೆ ಬಗ್ಗಿದ್ದೇ ತಡ, ಮನೆಯೂ ಕಂಬಗಳೂ ಒಂದು ಪಕ್ಕಕ್ಕೆ ವಾಲಿಕೊಂಡು ಬಂದವು. ಮಂಡಿಯೂರಿ ಬಿದ್ದ.

"ಏನಾಯ್ತೋ?" ಎಂದಳು ಓಪಲ್.

ಕಾರಿನ ಬಾಗಿಲು ತೆರೆದು ಡಾಕ್ಟರು ಕೂಗಿದಳು. "ತಲೆ ಬಗ್ಗಿಸ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

"ಏನಿಲ್ಲ," ಎಂದ ಹಾರ್ಲನ್. "ತಲೆ ಸುತ್ತು."

ಆಗ ಹೇಳಿಬಿಡಬಹುದಿತ್ತು. ಹೇಳಲಿಕ್ಕೆ ಬೇಕಿದ್ದದ್ದು ಒಂದೇ ಮಾತು. ಆದರೆ ತೊಡೆಯ ಮೇಲೆ ಬಾಯಿ ತೆರೆದ ಡಬ್ಬಿ ಅವನಿಗೆ ಕಾಣುತ್ತಿತ್ತು. ಮೊದಲು ಅವಳ ಮಗನ ಸೀಟು ತೆಗೆದುಕೊಂಡ, ಈಗ ಉಳಿದದ್ದನ್ನೂ ಕಳೆದ. ಇದನ್ನು ಯಾವ ಬಾಯಲ್ಲಿ ಹೇಳುವುದು? ಹೇಳಿದ ಮೇಲೆ ಈ ನೆರಳಿಗೆ ಮತ್ತೆ ಬರುವುದು ಹೇಗೆ? ಈ ಭೂಮಿಯ ಮೇಲೆ ಅವನಿಗೆ ಗಂಬೋ ಸಾರು ಇಟ್ಟು ಕಾಯುವ ಇನ್ನೊಂದು ಮನೆ ಇರಲಿಲ್ಲ. ಅವನ ಬೆರಳು ನೆಲದಲ್ಲಿ ಆಡಿ, ಅಕ್ಕಿಕಾಳಿಗಿಂತ ಒಂದಿಷ್ಟು ದಪ್ಪದ, ನುಣ್ಣನೆಯ, ಬಿಳಿ ಚೂರೊಂದನ್ನು ಎತ್ತಿಕೊಂಡಿತು. ಮುದುಕಿಯ ಕಣ್ಣಿಗಂತೂ ಪೊರೆ.

"ತಗೊಳ್ಳಿ, ಮೇಡಂ. ಇವನು."

ಓಪಲ್ ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದಳು. ಒಂದು ಸಲ ಉರುಳಿಸಿದಳು. ಇನ್ನೊಂದು ಸಲ ಉರುಳಿಸಿದಳು. ಹೆಬ್ಬೆರಳು ಒಂದು ಕಡೆ ನಿಂತಿತು.

"ಇದೇನಾ?"

"ಹೌದು, ಮೇಡಂ."

ಕೊಲ್ಲಿಯ ಕಡೆಯಿಂದ ಯಾವುದೋ ದೋಣಿಯ ಎಂಜಿನ್ ಸದ್ದು ಬಂದು ಹೋಯಿತು. ಆಕೆ ಚೂರನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದಳು. ಎದ್ದು ನಿಂತು ಅವನ ಕೆನ್ನೆ ತಟ್ಟಿದಳು.

"ಒಳ್ಳೆ ಹುಡುಗ ನೀನು. ಸುಸ್ತಾಗಿದೀಯ. ಹೋಗು, ಡಾಕ್ಟರು ಕಾಯ್ತಿದಾರೆ. ಮಲ್ಕೋ ಹೋಗಿ."

ಕಾರಿಗೆ ಹತ್ತಿ ಬೆಲ್ಟು ಹಾಕಿಕೊಳ್ಳುವಾಗಷ್ಟೇ ಹಾರ್ಲನ್‌ಗೆ ಹೊಳೆಯಿತು. ಉಂಡೇ ಹೋಗಬೇಕು ಎಂದವಳು ಗಂಬೋದ ಮಾತೇ ಎತ್ತಲಿಲ್ಲ.

"ಖುಷಿಪಟ್ರಾ?" ಎಂದಳು ಡಾಕ್ಟರು, ಗಾಡಿ ಹೊರಡಿಸುತ್ತ.

ಅವನು ಬದಿಯ ಕನ್ನಡಿಯಲ್ಲಿ ನೋಡುತ್ತಿದ್ದ. ಕನ್ನಡಿಯಲ್ಲಿ ಮನೆ ಚಿಕ್ಕದಾಯಿತು. ಕಂಬಗಳ ನಡುವೆ ಓಪಲ್ ಒಂದು ಕಂಬಕ್ಕೆ ನೇತುಹಾಕಿದ್ದ ತಂತಿಯ ಜರಡಿ ಇಳಿಸಿಕೊಂಡಳು. ಒಂದು ಮೋಟು ಮಣೆ ಎಳೆದುಕೊಂಡಳು. ಅವನು ಮಂಡಿಯೂರಿ ಬಿದ್ದಿದ್ದ ಜಾಗಕ್ಕೇ ಮಣೆ ಹಾಕಿ, ಕೂತು, ನೆಲದಿಂದ ಒಂದು ಬೊಗಸೆ ಚೂರು ಬಾಚಿದಳು.

ಮೂವತ್ತೊಂದು ವರ್ಷ ಚಿಪ್ಪು ಮುಟ್ಟಿದ ಕೈಗೆ ಅವನು ಚಿಪ್ಪಿನ ಚೂರು ಕೊಟ್ಟು ಬಂದಿದ್ದ.

"ನಿಲ್ಲಿಸಿ."

"ವಾಂತಿನಾ?"

"ಅಲ್ಲ. ನಿಲ್ಲಿಸಿ ಅಂದೆನಲ್ಲ!"

ಅವನು ಇಳಿದು ನಡೆದ. ಮುನ್ನೂರು ಹೆಜ್ಜೆ ಇರಬಹುದು. ಇನ್ನೂ ಕಾಲುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ, ರಸ್ತೆಯ ಒಂದಂಚಿಗೆ ಎಳೆಯುತ್ತಿದ್ದವು. ಯಾರದೋ ನಾಯಿ ಬೊಗಳಿ, ಇವನು ಓಲಾಡುವುದನ್ನು ನೋಡಿ ಕುಡುಕನೆಂದು ಸುಮ್ಮನಾಯಿತು. ಹಿಂದೆ ಡಾಕ್ಟರು ಹಿಮ್ಮುಖವಾಗಿ ಗಾಡಿ ಓಡಿಸಿಕೊಂಡು ಬೈಯುತ್ತ ಬರುತ್ತಿದ್ದಳು.

ಓಪಲ್ ತಲೆ ಎತ್ತಲಿಲ್ಲ. "ಬಂದ್ಯಾ," ಎಂದಳು.

"ಮಿಸ್ ಓಪಲ್, ನಾನು ಕೊಟ್ಟಿದ್ದು..."

"ಗೊತ್ತು."

"ಯಾವಾಗ?"

"ಕೈಗೆ ಬಿದ್ದ ಕೂಡ್ಲೇ. ಕಣ್ಣು ಹೋಗಿದೆ ಕಣಯ್ಯಾ, ಬೆರಳು ಹೋಗಿಲ್ಲ. ಬಿದ್ದ ಸದ್ದೂ ಕೇಳಿಸ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಬೈದಿದ್ರೆ ನೀನು ಇನ್ನೆರಡು ವರ್ಷ ಬರ್ತಿರ್ಲಿಲ್ಲ. ಅಷ್ಟು ವರ್ಷ ಇಲ್ಲ ನನ್ನ ಹತ್ರ."

ಹಾರ್ಲನ್ ನಿಂತೇ ಇದ್ದ. ಆಮೇಲೆ ಎರಡು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೊರಗೆ ಹಾಕಿದ. "ಆ ಸೀಟು ನಿಂದು ಅಂತ ಅವ್ರು ಹೇಳಿ ಮುಗಿಸೋಕೂ ಬಿಡ್ಲಿಲ್ಲ ನಾನು. ಮಧ್ಯದಲ್ಲೇ ಹೂಂ ಅಂದೆ. ಹನ್ನೊಂದೇ ದಿನ ಆಗಿತ್ತು."

ಓಪಲ್ ಒಂದು ಚೂರು ಉಜ್ಜಿ ನೋಡಿ ಎಸೆದಳು. ಇನ್ನೊಂದು ಉಜ್ಜಿ ಎಸೆದಳು. ಪರವಾಗಿಲ್ಲ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಮೂರನೆಯದನ್ನು ಉಜ್ಜುತ್ತ ಕೇಳಿದಳು.

"ಅಲ್ಲ, ಕೈಯಲ್ಲಿದ್ದಿದ್ದನ್ನ ಯಾಕೋ ಬಿಟ್ಟೆ?"

"ಬಿಟ್ರೂ ಅಲ್ಲೇ ಇರುತ್ತೆ ಅನ್ಕೊಂಡೆ."

ಆಕೆಯ ಕೈ ನಿಂತಿತು.

"ನಾನೂ ಹಂಗೇ ಅನ್ಕೊಂಡಿದ್ದೆ," ಎಂದಳು. ಆಮೇಲೆ ಮೂಗು ಒರೆಸಿಕೊಂಡು ಗದರಿದಳು. "ಮರದ ಹಾಗೆ ನಿಂತ್ರೆ ಸಿಗುತ್ತಾ? ಮೇಲೆ ಅಡುಗೆಮನೇಲಿ ರೊಟ್ಟಿ ಸುಡೋ ಕರೀ ತಟ್ಟೆ ಇದೆ, ತರಕ್ಕೆ ಹೇಳು ಆ ಡಾಕ್ಟ್ರಿಗೆ. ಬಿಳೀದು ಬಿಳೀದ್ರ ಮೇಲೆ ಕಾಣಲ್ಲ. ಕಪ್ಪಿನ ಮೇಲೆ ಹ‍ರಡಿದ್ರೆ ನಿನ್ನ ಕಣ್ಣಿಗೆ ಕಾಣುತ್ತೆ. ಹಲ್ಲು ಅನ್ಸಿದ್ದನ್ನ ನನ್ನ ಕೈಗೆ ಕೊಡು."

ಡಾಕ್ಟರು ಏನಾಯಿತೆಂದು ಕೇಳಿದಳು. ಹಾರ್ಲನ್ ಹೇಳಿದ. ಆಕೆ ಮೆಟ್ಟಿಲು ಹತ್ತಿ ತಟ್ಟೆ ತಂದಳು. ಅವನಿಗೆ ಬಗ್ಗಲು ಆಗದೆಂದು ಮೇಜಿನ ಮೇಲೆ ತಟ್ಟೆ ಇಟ್ಟು, ತಾನೇ ನೆಲದಿಂದ ಬೊಗಸೆ ಬೊಗಸೆ ಬಾಚಿ ಹಾಕಿದಳು. ಅವನು ನೋಡಿ ಆರಿಸುವುದು, ಓಪಲ್ ಬೆರಳಲ್ಲಿ ಉಜ್ಜಿ "ಚಿಪ್ಪು" ಎನ್ನುವುದು. ಚಿಪ್ಪು. ಚಿಪ್ಪು. ಇದೂ ಚಿಪ್ಪು. ಒಂದು ಸಲ "ತಡಿ" ಎಂದಳು. ಇಬ್ಬರೂ ಉಸಿರು ಹಿಡಿದರು. ಆಕೆ ಅದನ್ನು ತುಟಿಗೆ ತಾಗಿಸಿ ನೋಡಿ, "ಇಲ್ಲ, ಚಿಪ್ಪೇ" ಎಂದಳು.

ಬಿಸಿಲು ಕಂಬಗಳ ಬುಡಕ್ಕೆ ಬಂತು. ಒಂದು ಚಾಪೆಯಷ್ಟು ಜಾಗ ಬಾಚಿ ಆಗಿತ್ತು, ಕೆಳಗಿನ ಕಪ್ಪು ಮಣ್ಣು ಕಾಣುತ್ತಿತ್ತು. ಹಲ್ಲು ಸಿಕ್ಕಿರಲಿಲ್ಲ. ಡಾಕ್ಟರು ಸೊಂಟ ಹಿಡಿದುಕೊಂಡು, ಇನ್ನು ಸಾಕು, ಇವರ ರಕ್ತದೊತ್ತಡ ನೋಡಬೇಕು ಎಂದಳು. ಓಪಲ್ ಡಬ್ಬಿ ತೆರೆದು, ಅವನು ಕೊಟ್ಟಿದ್ದ ಚೂರನ್ನು ತೆಗೆದು, ಬಾಚಿ ಮುಗಿದ ಗುಡ್ಡೆಗೆ ಎಸೆದಳು. ಡಬ್ಬಿಯ ಮುಚ್ಚಳ ಹಾಕಲಿಲ್ಲ. ಹಾಗೇ ತೊಡೆಯ ಮೇಲಿಟ್ಟುಕೊಂಡಳು.

"ನಾಳೆ ಎಷ್ಟೊತ್ತಿಗೆ?"

"ಬೆಳಿಗ್ಗೆ ಪರೀಕ್ಷೆ ಇದೆ. ಮಧ್ಯಾಹ್ನ..."

"ಮಧ್ಯಾಹ್ನ ಬಾ. ಸಿಗೋವರೆಗೂ ಬರ್ಬೇಕು. ಎಷ್ಟು ದಿನ ಆದ್ರೂ." ಆಕೆ ಅಂಗಳದ ಕಡೆ ಕಾಣದ ಕಣ್ಣು ಹಾಯಿಸಿದಳು. ರಸ್ತೆಯವರೆಗೂ ಚಿಪ್ಪೇ ಇತ್ತು. "ಈಗ ಕೈ ತೊಳ್ಕೊಳ್ಳಿ ಇಬ್ರೂ. ಸಾರು ತಳ ಹಿಡಿದಿರುತ್ತೆ, ಹಿಡೀಲಿ. ಡಾಕ್ಟ್ರಮ್ಮ, ಇಲ್ಲಿಗೇ ಇಳಿಸ್ಕೊಂಡು ಬಾ. ಇವನಿಗೆ ತಲೆ ಸುತ್ತು, ಮೆಟ್ಟಿಲು ಹತ್ತೋದು ಬೇಡ."

ಮೇಜಿನ ಮೇಲೆ ಮಧ್ಯಾಹ್ನದ ಚಹಾ ಹಾಗೇ ಇತ್ತು, ಮಂಜುಗಡ್ಡೆಯೆಲ್ಲ ಕರಗಿ ನೀರಾಗಿತ್ತು. ಹಾರ್ಲನ್ ಅದನ್ನು ಒಂದೇ ಗುಟುಕಿಗೆ ಕುಡಿದ. ಕುಡಿದು ಲೋಟವನ್ನು ಮೇಜಿಗೆ ಇಟ್ಟ. ಕೈ ತೆಗೆಯುವ ಮೊದಲು, ಅದು ನಿಜವಾಗಿಯೂ ಮೇಜಿನ ಮೇಲೆ ಕೂತಿದೆಯೇ ಎಂದು ಎರಡು ಸಲ ನೋಡಿದ.